ಕಾರ್ಡು ಆಂಧ್ರದ್ದು, ಆಸ್ಪತ್ರೆ ಬಳ್ಳಾರಿಯದ್ದು: ಆರೋಗ್ಯಶ್ರೀ ಎಲ್ಲಿಯವರೆಗೆ?

ರಾಯದುರ್ಗ: ಡಿ.ಹಿರೇಹಾಳಿನಲ್ಲಿ ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ಮನೆಯವರು ಅನಂತಪುರದ ಕಡೆ ನೋಡುವುದಿಲ್ಲ. ಗಾಡಿ ತಿರುಗುವುದು ಬಳ್ಳಾರಿಗೆ. ಸಹಜವೇ. ಬಳ್ಳಾರಿ ಹತ್ತಿರ, ಅಲ್ಲಿ ನೆಂಟರಿದ್ದಾರೆ, ಮಾತು ಕನ್ನಡ. 1953ರ ಅಕ್ಟೋಬರ್ 1ರವರೆಗೆ ರಾಯದುರ್ಗ ತಾಲ್ಲೂಕು ಇದ್ದದ್ದೇ ಬಳ್ಳಾರಿ ಜಿಲ್ಲೆಯಲ್ಲಿ. ಆದರೆ ಜೇಬಿನಲ್ಲಿರುವ ಕಾರ್ಡು ಆಂಧ್ರದ್ದು! ತೊಡಕು ಶುರುವಾಗುವುದೇ ಇಲ್ಲಿ.

ಮಡಕಶಿರಾ ಕಡೆಯ ಕಥೆಯೂ ಬೇರೆಯಲ್ಲ. ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆಯವರಿಗೆ ಶಿರಾ, ಪಾವಗಡ ನಿತ್ಯದ ದಾರಿ. 2022ರ ಏಪ್ರಿಲ್ 4ರಂದು ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಜಿಲ್ಲಾ ಕೇಂದ್ರ ಪುಟ್ಟಪರ್ತಿಯಾಯಿತು. ರಾಯದುರ್ಗ ಅನಂತಪುರದಲ್ಲೇ ಉಳಿಯಿತು.

ಆರೋಗ್ಯಶ್ರೀ ಮೊದಲು ಕಾಲಿಟ್ಟಿದ್ದು ಈ ಸೀಮೆಯಲ್ಲೇ. 2007ರ ಏಪ್ರಿಲ್ 1ರಂದು ವೈ.ಎಸ್.ರಾಜಶೇಖರ ರೆಡ್ಡಿ ಸರ್ಕಾರ ಅದನ್ನು ಅನಂತಪುರ, ಮಹಬೂಬ್‌ನಗರ, ಶ್ರೀಕಾಕುಳಂ ಜಿಲ್ಲೆಗಳಲ್ಲಿ ಆರಂಭಿಸಿತು. ಬಿಳಿ ರೇಷನ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ ರೂಪಾಯಿ, ಸಾಲದಿದ್ದರೆ ಇನ್ನೂ 50 ಸಾವಿರ. ಹೃದಯ, ಕಿಡ್ನಿ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗೆ ಹೊಲ ಮಾರುವುದು ತಪ್ಪಲಿ ಎಂಬುದು ಉದ್ದೇಶ. ಆಮೇಲೆ ಸರ್ಕಾರ ಬದಲಾದಂತೆಲ್ಲ ಹೆಸರೂ ಬದಲಾಯಿತು: ಎನ್.ಟಿ.ಆರ್. ವೈದ್ಯಸೇವ, ವೈ.ಎಸ್.ಆರ್. ಆರೋಗ್ಯಶ್ರೀ, 2024ರಲ್ಲಿ ಮತ್ತೆ ಎನ್.ಟಿ.ಆರ್. ವೈದ್ಯಸೇವ. ಊರವರ ಬಾಯಲ್ಲಿ ಮಾತ್ರ ಇಂದಿಗೂ ಅದು ಆರೋಗ್ಯಶ್ರೀಯೇ. 2023ರ ಡಿಸೆಂಬರ್‌ನಲ್ಲಿ ಮಿತಿಯನ್ನು 25 ಲಕ್ಷಕ್ಕೆ ಏರಿಸಲಾಯಿತು.

ಮಿತಿ ಎಷ್ಟಿದ್ದರೇನು, ಹೋದ ಆಸ್ಪತ್ರೆ ಪಟ್ಟಿಯಲ್ಲಿ ಇರಬೇಕಲ್ಲ? 2019ರ ನವೆಂಬರ್ 1ರಿಂದ ಯೋಜನೆಯನ್ನು ರಾಜ್ಯದ ಹೊರಗೆ ಬೆಂಗಳೂರು, ಚೆನ್ನೈ, ಹೈದರಾಬಾದ್‌ನ ಆಯ್ದ ಆಸ್ಪತ್ರೆಗಳಿಗೆ ವಿಸ್ತರಿಸಿದರು. ಮೂರೂ ಮಹಾನಗರಗಳೇ. ದಿನವೂ ಜನ ಬಸ್ಸು ಹತ್ತುವ ಬಳ್ಳಾರಿ, ತುಮಕೂರಿನ ಹೆಸರು ಆ ಮೂರರಲ್ಲಿ ಬರಲಿಲ್ಲ. ಅಮರಾವತಿಯಿಂದ ನೋಡಿದರೆ ಗಡಿ ಒಂದು ಗೆರೆ; ಇಲ್ಲಿಯವರಿಗೆ ಅದು ಸಂತೆಗೆ ಹೋಗುವ ರಸ್ತೆ.

ಗೆರೆಯ ಯಾವ ಪಕ್ಕ ಇದ್ದೀರಿ ಎಂಬುದು ಪ್ರಾಣದ ಪ್ರಶ್ನೆಯೂ ಹೌದು. ಆಂಧ್ರವನ್ನು ನೋಡಿ ಕರ್ನಾಟಕ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ತಂದಾಗ ಮೊದಲು ಉತ್ತರದ ಜಿಲ್ಲೆಗಳಿಗಷ್ಟೇ ಕೊಟ್ಟಿತು. ಯೋಜನೆ ಇದ್ದ 300 ಹಳ್ಳಿಗಳನ್ನು ಪಕ್ಕದ, ಯೋಜನೆ ಇಲ್ಲದ 272 ಹಳ್ಳಿಗಳ ಜೊತೆ ಸಂಶೋಧಕರು ಹೋಲಿಸಿದರು. ಯೋಜನೆಯ ಹಳ್ಳಿಗಳ ಬಡ ಕುಟುಂಬಗಳಲ್ಲಿ, ಅದರಡಿ ಚಿಕಿತ್ಸೆ ಸಿಗುವ ಕಾಯಿಲೆಗಳಿಂದಾದ ಸಾವು ಶೇ. 64ರಷ್ಟು ಕಡಿಮೆ! 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು.

ಈಗ ಕರ್ನಾಟಕದಲ್ಲಿರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಅಲ್ಲಿನ ನಿವಾಸಿಗಳಿಗೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಆಂಧ್ರದ ರೈಸ್ ಕಾರ್ಡು ತೋರಿಸಿದರೆ ಅದು ಸಿಗದು. ಆದರೆ 2018ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಕೇಂದ್ರದ ಆಯುಷ್ಮಾನ್ ಕಾರ್ಡಿಗೆ ರಾಜ್ಯದ ಗಡಿ ಇಲ್ಲ. ಆಂಧ್ರದಲ್ಲಿ ಮಾಡಿಸಿದ ಕಾರ್ಡು ಬಳ್ಳಾರಿಯಲ್ಲೂ ನಡೆಯುತ್ತದೆ, ಆಸ್ಪತ್ರೆ ಆ ಯೋಜನೆಗೆ ಸೇರಿದ್ದರೆ. 2024ರ ಅಕ್ಟೋಬರ್‌ನಿಂದ 70 ದಾಟಿದ ಹಿರಿಯರು ಆದಾಯ ಎಷ್ಟೇ ಇರಲಿ, ಇದನ್ನು ಪಡೆಯಬಹುದು. ಅಜ್ಜ-ಅಜ್ಜಿ ಇರುವ ಮನೆಯವರು ಗಮನಿಸಿ.

ಕಾರ್ಡೇ ಇಲ್ಲದವರಿಗೂ ಪುಟ್ಟಪರ್ತಿಯ ಸತ್ಯಸಾಯಿ ಆಸ್ಪತ್ರೆಯ ಬಾಗಿಲಿದೆ. 1991ರಿಂದ ಅಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ದುಡ್ಡು ಕೇಳುವುದಿಲ್ಲ, ಯಾವ ರಾಜ್ಯದವರೆಂದೂ ಕೇಳುವುದಿಲ್ಲ.

ಆಂಧ್ರದ ಪಟ್ಟಿಯ ಆಸ್ಪತ್ರೆಗೆ ಹೋದವರು ಮೊದಲು ಹುಡುಕಬೇಕಾದದ್ದು ಆರೋಗ್ಯ ಮಿತ್ರ ಕೂರುವ ಮೇಜನ್ನು. ರೇಷನ್ ಕಾರ್ಡು, ಆಧಾರ್ ಕೈಯಲ್ಲಿರಲಿ. ಮುಂಗಡ ಕಟ್ಟುವ ಮೊದಲೇ ಕೇಳಿ: ಈ ಕಾಯಿಲೆ ಯೋಜನೆಯಲ್ಲಿದೆಯೇ, ಈ ಆಸ್ಪತ್ರೆಗೆ ಅದಕ್ಕೆ ಅನುಮತಿ ಇದೆಯೇ? ತೆಲುಗಿನಲ್ಲಿ ಹೇಳಿದ್ದು ಪೂರ್ತಿ ತಿಳಿಯದಿದ್ದರೆ ಸಹಿ ಹಾಕುವ ಮುನ್ನ ಇನ್ನೊಮ್ಮೆ ಹೇಳಿಸಿಕೊಳ್ಳಿ.