ನಿಮಿಷಕ್ಕೆ 583 ಸುತ್ತು

ಕೃಷ್ಣರಾಜಪುರಂ ಶೆಡ್ಡಿನ ಡಬ್ಲ್ಯುಡಿಎಂ-2 ಡೀಸೆಲ್ ರೈಲು ಎಂಜಿನ್ನುಗಳನ್ನು ನೋಡುತ್ತ ಬೆಳೆದವರಿಗೆ ಅವನ್ನು ಮೇಜಿನ ಮೇಲೂ ಓಡಿಸುವ ಆಸೆ ಸಹಜ. ಆದರೆ ಆಟಿಕೆ ಮತ್ತು ಕಿರು ಮಾದರಿಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಆ ದರದಲ್ಲಿ 10,000 ರೂಪಾಯಿಯ ಎಂಜಿನ್ನಿಗೆ ಸುಂಕವೇ 7,000. ಬಾಡಿಯನ್ನು ಮನೆಯಲ್ಲೇ ಮಾಡಿ, ಮೋಟರು ಮತ್ತು ಗೇರನ್ನು ತಾವೇ ಕೂರಿಸಲು ಹೊರಟವರಿಗಾಗಿ ಈ ಲೆಕ್ಕ.

ನಿಜವಾದ ಎಂಜಿನ್ನಿನ ಗಾಲಿಯ ವ್ಯಾಸ 1,092 ಮಿ.ಮೀ., ಗರಿಷ್ಠ ವೇಗ ಗಂಟೆಗೆ 120 ಕಿ.ಮೀ. ಆ ವೇಗದಲ್ಲಿ ಗಾಲಿ ನಿಮಿಷಕ್ಕೆ 583 ಸುತ್ತು ತಿರುಗುತ್ತದೆ. 1:87ರ ಎಚ್‌ಓ ಅಳತೆಯಲ್ಲಿ ಗಾಲಿ 12.55 ಮಿ.ಮೀ.ಗೆ ಇಳಿಯುತ್ತದೆ, ವೇಗ ಸೆಕೆಂಡಿಗೆ 38 ಸೆಂ.ಮೀ. ಆಗುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುವುದರಿಂದ ಸುತ್ತು ಮಾತ್ರ ಅದೇ 583! ನನಗೆ ಇಡೀ ಲೆಕ್ಕದಲ್ಲಿ ಅತ್ಯಂತ ಇಷ್ಟವಾದ ಅಂಕಿ ಇದು.

12 ವೋಲ್ಟಿನ ಸಣ್ಣ ಮೋಟರು ಹೊರೆ ಹೊತ್ತಾಗ ನಿಮಿಷಕ್ಕೆ 12,000 ಸುತ್ತು ತಿರುಗುತ್ತದೆ ಎಂದು ಹಿಡಿಯೋಣ. 583ರಿಂದ ಭಾಗಿಸಿದರೆ 20.6. ಅಂದರೆ ಸುತ್ತಿಗೊಂದು ಹಲ್ಲು ಸರಿಸುವ ತಿರುಪಿನಂಥ ಒಂದೆಳೆಯ ವರ್ಮ್‌ಗೆ 20 ಹಲ್ಲಿನ ಗೇರು ಸಾಕು. ಆದರೂ ನಾನು 30 ಹಲ್ಲನ್ನೇ ಆರಿಸುವೆ. ಗರಿಷ್ಠ ವೇಗ 82 ಕಿ.ಮೀ.ಗೆ ಇಳಿದರೇನಂತೆ, 120ರ ವೇಗದಲ್ಲಿ ಎಂಟಡಿ ಮೇಜು ಆರೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ನಿಲ್ದಾಣದಿಂದ 5 ಕಿ.ಮೀ. ವೇಗದಲ್ಲಿ ಹೊರಡುವಾಗ 20 ಹಲ್ಲಾದರೆ ಮೋಟರಿಗೆ 486 ಸುತ್ತು, 30 ಆದರೆ 729. ಸುತ್ತು ಹೆಚ್ಚಿದ್ದಷ್ಟೂ ಓಟದಲ್ಲಿ ಜಗ್ಗಾಟ ಕಡಿಮೆ.

ತೊಡಕಿರುವುದು ಜಾಗದಲ್ಲಿ. ಗೇರಿನ ಹೊರವ್ಯಾಸವೆಂದರೆ ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ ಮಾಡ್ಯೂಲ್‌ನಿಂದ, ಅಂದರೆ ಹಲ್ಲಿನ ಗಾತ್ರ ಹೇಳುವ ಅಂಕಿಯಿಂದ, ಗುಣಿಸಿದ್ದು. 0.4 ಮಾಡ್ಯೂಲಿನ 30 ಹಲ್ಲು 12.8 ಮಿ.ಮೀ. ಆಗುತ್ತದೆ, ಗಾಲಿಗಿಂತ ಗೇರೇ ದೊಡ್ಡದು, ಹಳಿಯ ಮಟ್ಟಕ್ಕಿಂತ ಕೆಳಗಿಳಿದು ಕ್ರಾಸಿಂಗಿನಲ್ಲಿ ತಗಲುತ್ತದೆ. 0.3 ಮಾಡ್ಯೂಲಾದರೆ 9.6 ಮಿ.ಮೀ., ಹಳಿಯ ಮೇಲೆ ಸುಮಾರು ಒಂದೂವರೆ ಮಿ.ಮೀ. ತೆರಪು. 1:160ರ ಎನ್ ಅಳತೆಯಲ್ಲಿ ಗಾಲಿಯೇ 6.8 ಮಿ.ಮೀ. ಅಲ್ಲಿ 0.3 ಮಾಡ್ಯೂಲಿನ 20 ಹಲ್ಲಿಗೂ ಉಳಿಯುವುದು 0.1 ಮಿ.ಮೀ., ಕೂದಲೆಳೆಯಷ್ಟು. 0.2ಕ್ಕೆ ಇಳಿಯದೆ ಬೇರೆ ದಾರಿಯಿಲ್ಲ.

ಇನ್ನು ತೂಕ. 112.8 ಟನ್ನನ್ನು 87ರ ಘನದಿಂದ ಭಾಗಿಸಿದರೆ 171 ಗ್ರಾಂ. ಆರೂ ಆಕ್ಸಲ್‌ಗಳಿಗೆ ಗೇರು ಕೊಟ್ಟು, ಘರ್ಷಣೆಯನ್ನು ಐದನೇ ಒಂದು ಎಂದಿಟ್ಟುಕೊಂಡರೆ, ಗಾಲಿ ಜಾರುವ ಮುನ್ನ ಸಿಗುವ ಎಳೆತ 34 ಗ್ರಾಂ; ಗಾಲಿಯ ತ್ರಿಜ್ಯದಿಂದ ಗುಣಿಸಿದರೆ ಆಕ್ಸಲ್‌ನಲ್ಲಿ 21 ಗ್ರಾಂ-ಸೆಂ.ಮೀ. ಟಾರ್ಕ್. ವರ್ಮ್‌ನಲ್ಲಿ ಶಕ್ತಿಯ ಬಹುಪಾಲು ಸೋರಿ ಶೇ 35 ಮಾತ್ರ ದಾಟುತ್ತದೆ ಎಂದರೂ 30 ಹಲ್ಲಿಗೆ ಮೋಟರಿನಿಂದ ಬೇಕಾದದ್ದು 2 ಗ್ರಾಂ-ಸೆಂ.ಮೀ., 20 ಹಲ್ಲಿಗೆ 3. ಮೋಟರು ತಿರುಗದೆ ನಿಂತೇಬಿಡುವ ಟಾರ್ಕ್, ಅಂದರೆ ಸ್ಟಾಲ್ ಟಾರ್ಕ್, ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಲಿ. ರೈಲು ಎಲ್ಲಾದರೂ ಸಿಕ್ಕಿಕೊಂಡಾಗ ಗಾಲಿ ಜಾರಿದರೆ ನಷ್ಟವಿಲ್ಲ. ಗಾಲಿ ಜಾರದೆ ಮೋಟರು ನಿಂತರೆ ಸುರುಳಿ ಸುಟ್ಟುಹೋಗುತ್ತದೆ.