ಮಗನನ್ನು ಕೂರಿಸಿಕೊಳ್ಳಲಾಗದ ತೊಡೆ

ಶ್ರೀಕಾರ್ಯಂ: ರಾಜ್ಯೋತ್ಸವ ಬಂತೆಂದರೆ ಹೊರನಾಡಿನ ಕನ್ನಡ ಸಂಘಗಳ ವೇದಿಕೆಗೆ ರಟ್ಟಿನ ಗದೆ ಬರುವುದುಂಟು. ಸರೋವರದ ದಡದಲ್ಲಿ ಭೀಮನ ಅಬ್ಬರ, ನೀರಿನಿಂದೆದ್ದು ಬರುವ ದುರ್ಯೋಧನ, ಹೊಡೆದಾಟ, ಚಪ್ಪಾಳೆ, ಆಮೇಲೆ ಊಟ. ರನ್ನನ ಕಾವ್ಯದಿಂದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ ರೂಪಿಸಿದ ‘ಗದಾಯುದ್ಧ ನಾಟಕಂ’ ನಮಗೆ ಇಷ್ಟರಲ್ಲೇ ಮುಗಿದುಹೋಗುತ್ತದೆ. ಸಮಯ ಸಾಲದೆಂದು ಕತ್ತರಿ ಬೀಳುವುದು ಅದಕ್ಕೂ ಮುಂಚಿನ ರಣರಂಗದ ನಡಿಗೆಗೆ. ಆದರೆ ರನ್ನನ ಜೀವಾಳ ಇರುವುದೇ ಅಲ್ಲಿ. ತನ್ನ ಹಟಕ್ಕೆ ಬಲಿಯಾದ ದ್ರೋಣ, ದುಶ್ಶಾಸನ, ಕರ್ಣ, ಸ್ವಂತ ಮಗ ಲಕ್ಷಣಕುಮಾರ ಇವರೆಲ್ಲರ ಹೆಣಗಳ ಮುಂದೆ ದುರ್ಯೋಧನ ಒಬ್ಬೊಬ್ಬರಾಗಿ ನಿಲ್ಲಬೇಕಾಗುತ್ತದೆ.

ಗದೆಯ ಪೆಟ್ಟಿನ ನಂತರ ಏನಾಯಿತು ಎಂಬುದನ್ನು ಹೇಳುವ ನಾಟಕ ನಮಗೆ ಸಿಕ್ಕಿದ್ದು ತಿರುವನಂತಪುರದ ದೆಸೆಯಿಂದ ಎಂಬುದು ಇಲ್ಲಿರುವ ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ. ಪಂಡಿತ ಟಿ. ಗಣಪತಿ ಶಾಸ್ತ್ರಿಗಳಿಗೆ 1909ರಲ್ಲಿ, ಆಗ ತಿರುವಾಂಕೂರಿಗೆ ಸೇರಿದ್ದ ಪದ್ಮನಾಭಪುರದ ಬಳಿಯ ಮಠವೊಂದರಲ್ಲಿ ಮಲಯಾಳ ಲಿಪಿಯ ತಾಳೆಗರಿಯ ಕಟ್ಟು ದೊರೆಯಿತು. ಅದರಲ್ಲಿದ್ದ ನಾಟಕಗಳನ್ನು ಅವರು 1912ರಿಂದ ಇಲ್ಲಿನ ಸಂಸ್ಕೃತ ಗ್ರಂಥಮಾಲೆಯಲ್ಲಿ ಭಾಸನ ಹೆಸರಿನಲ್ಲಿ ಅಚ್ಚು ಹಾಕಿಸಿದರು. (ಎಲ್ಲವೂ ಭಾಸನವೇ ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ, ಅದು ಅವರಿಗಿರಲಿ.) ‘ಊರುಭಂಗ’ ಅವುಗಳಲ್ಲೊಂದು. ಕೇರಳ ವಿಶ್ವವಿದ್ಯಾಲಯದ ಹಸ್ತಪ್ರತಿ ಗ್ರಂಥಾಲಯ ಇರುವುದು ಶ್ರೀಕಾರ್ಯದಿಂದ ಕಳಕ್ಕೂಟ್ಟದತ್ತ ಹೋಗುವ ದಾರಿಯ ಕಾರ್ಯವಟ್ಟಂನಲ್ಲಿ. ನಾಟಕವನ್ನು ಕಾವಾಲಂ ನಾರಾಯಣ ಪಣಿಕ್ಕರ್ (1928–2016) ತಮ್ಮ ‘ಸೋಪಾನಂ’ ತಂಡದಿಂದ ಸಂಸ್ಕೃತದಲ್ಲೇ ಆಡಿಸಿದ್ದರು.

ಇದು ಒಂದೇ ಅಂಕದ ನಾಟಕ. ತೊಡೆ ಮುರಿದು ಬಿದ್ದ ರಾಜನನ್ನು ಹುಡುಕಿಕೊಂಡು ಕುರುಡ ತಂದೆ, ಗಾಂಧಾರಿ, ರಾಣಿಯರು ಬರುತ್ತಾರೆ. ಜೊತೆಗೆ ಪುಟ್ಟ ಮಗ ದುರ್ಜಯ. ಹುಡುಗನಿಗೆ ಯುದ್ಧವೂ ಗೊತ್ತಿಲ್ಲ, ಸೋಲೂ ಗೊತ್ತಿಲ್ಲ. ಎಂದಿನಂತೆ ಅಪ್ಪನ ತೊಡೆಯೇರಲು ಹೋಗುತ್ತಾನೆ. ಅಪ್ಪ ತಡೆಯುತ್ತಾನೆ. ಪಗಡೆಯ ಸಭೆಯಲ್ಲಿ ದ್ರೌಪದಿಗೆ ತೋರಿಸಿದ ತೊಡೆ ಇದೇ ಎಂದು ಕಥೆ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂದಿನ ಒಂದು ಕ್ಷಣದ ಅಹಂಕಾರಕ್ಕೆ ಇಂದು ಮಗುವಿಗೆ ಕೂರಲು ಜಾಗವಿಲ್ಲ. ಭೀಮನ ಗದೆಗಿಂತ ಈ ಪೆಟ್ಟು ದೊಡ್ಡದು ಎಂದು ನನಗನ್ನಿಸುತ್ತದೆ.

ಇಲ್ಲಿಯ ದುರ್ಯೋಧನ ಬದಲಾಗಿದ್ದಾನೆ. ಹೊಕ್ಕುಳಿನ ಕೆಳಗೆ ಹೊಡೆದ ಅನ್ಯಾಯಕ್ಕೆ ಕೆರಳಿದ ಬಲರಾಮನನ್ನು ತಾನೇ ಸಮಾಧಾನ ಮಾಡುತ್ತಾನೆ. ಪಾಂಡವರನ್ನು ನನ್ನಂತೆಯೇ ಸೇವಿಸು, ಕುಂತಿಯ ಮಾತು ಕೇಳು ಎಂದು ಮಗನಿಗೆ ಬುದ್ಧಿ ಹೇಳುತ್ತಾನೆ. ಆದರೆ ಅಶ್ವತ್ಥಾಮ ಬಿಲ್ಲು ಹಿಡಿದು ಬಂದು ಸೇಡಿನ ಪ್ರತಿಜ್ಞೆ ಮಾಡುತ್ತಾನೆ. ಬೇಡವೆಂದರೂ ಕೇಳುವುದಿಲ್ಲ. ತಾನು ಹಚ್ಚಿದ ಬೆಂಕಿಯನ್ನು ಆರಿಸುವ ಶಕ್ತಿ ಈಗ ದುರ್ಯೋಧನನಿಗಿಲ್ಲ. ಆ ರಾತ್ರಿ ಮಲಗಿದ್ದ ಉಪಪಾಂಡವರು ಹತರಾಗುತ್ತಾರೆ. ಅಲ್ಲಿಂದ ಮುಂದಿನದು ಬಿಎಂಶ್ರೀಯವರ ‘ಅಶ್ವತ್ಥಾಮನ್’ (1929). ಸೊಫೊಕ್ಲಿಸನ ‘ಅಯಾಸ್’ ನಾಟಕದ ಅಚ್ಚಿನಲ್ಲಿ ಎರಕ ಹೊಯ್ದದ್ದು. ಚಿರಂಜೀವಿಯನ್ನೇ ಸಾಯಿಸಿದರೆಂದು ಆಕ್ಷೇಪಿಸಿದವರೂ ಉಂಟು.

‘ಊರುಭಂಗ’ಕ್ಕೆ ದೊಡ್ಡ ರಂಗಸಜ್ಜಿಕೆ ಬೇಡ. ಮುಖ್ಯ ಪಾತ್ರಗಳು ಎಂಟು ಹತ್ತು. ರಣರಂಗ ವರ್ಣಿಸುವ ಸೈನಿಕರಿಗೆ ಸಂಘದ ಹುಡುಗರು ಸಾಕು. ಕಷ್ಟವಿರುವುದು ದುರ್ಜಯನ ಪಾತ್ರಕ್ಕೆ. ಕನ್ನಡ ಸ್ಪಷ್ಟವಾಗಿ ಆಡಬಲ್ಲ ಆರೇಳು ವರ್ಷದ ಮಗು ನಮ್ಮ ಎಷ್ಟು ಮನೆಗಳಲ್ಲಿದೆಯೋ ನೋಡಬೇಕು.