ನಾಗತ್ತರ ಒಬ್ಬನಾ, ಇಬ್ಬರಾ?

ನಿಮ್ಮ ಫೋನಲ್ಲಿ ಎಷ್ಟು ಜನ ಮಂಜು ಇದ್ದಾರೆ? ‘ಮಂಜು ಕಾಲೇಜ್’, ‘ಮಂಜು ಪ್ಲಂಬರ್’ ಅಂತ ಸೇವ್ ಮಾಡ್ಕೊಂಡಿರ್ತೀವಿ, ಅಲ್ವಾ? ಎರಡೂವರೆ ಸಾವಿರ ವರ್ಷದ ಹಿಂದೆ ಬ್ಯಾಬಿಲೋನಿನವರೂ ಮಣ್ಣಿನ ಹಲಗೆ ಮೇಲೆ ಸಾಲ, ಮಾರಾಟ ಬರೆಯುವಾಗ ಬರೀ ಹೆಸರು ಹಾಕ್ತಿರಲಿಲ್ಲ. ಅಪ್ಪನ ಹೆಸರು, ಎಷ್ಟೋ ಕಡೆ ಮನೆತನದ ಹೆಸರೂ ಇರ್ತಿತ್ತು. ಲೈಡನ್ ವಿಶ್ವವಿದ್ಯಾಲಯದ ‘ಪ್ರೊಸೊಬ್ಯಾಬ್’ ಡೇಟಾಬೇಸ್ ಈ ಸುಳಿವುಗಳನ್ನೇ ಹಿಡಿದು ಯಾರು ಯಾರು ಅಂತ ಬಿಡಿಸುತ್ತೆ.

ನಮ್ಮ ಶಾಸನಗಳಲ್ಲೂ ಅಪ್ಪನ ಹೆಸರು ಸಿಗುತ್ತೆ. ಆದರೂ ಗಂಟು ಬಿಡಿಸೋದು ಕಷ್ಟ.

ಬೆಂಗಳೂರಿನ ಬೇಗೂರಲ್ಲಿ ಕ್ರಿ.ಶ. 890ರ ಸುಮಾರಿನ ಒಂದು ಕಲ್ಲಿದೆ. ‘ಬೆಂಗಳೂರು’ ಅನ್ನೋ ಹೆಸರಿಗಾಗಿ ಅದು ಫೇಮಸ್. ಬೆಂಗಳೂರ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಸತ್ತ ಅಂತ ಅದರಲ್ಲಿದೆ. ಅದೇ ಬೇಗೂರಿನ ಇನ್ನೊಂದು ವೀರಗಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಅದರ ಪ್ರಕಾರ ತುಂಬೆಪಾಡಿ ಯುದ್ಧದಲ್ಲಿ ನಾಗತ್ತರನೇ ಸತ್ತ. ಸುದ್ದಿ ಕೇಳಿದ ಗಂಗರ ಎಱೆಯಪ್ಪರಸ, ಇರುಗ ಎಂಬವನಿಗೆ ‘ನಾಗತ್ತರ’ ಪಟ್ಟ ಕಟ್ಟಿ, ಊರುಗಳನ್ನ ಕೊಟ್ಟ.

ನೋಡಿ, ಮಜಾ ಇರೋದು ಇಲ್ಲಿ. ನಾಗತ್ತರ ಅನ್ನೋದು ಒಬ್ಬರಿಂದ ಇನ್ನೊಬ್ಬರಿಗೆ ಹೋಗೋ ಪಟ್ಟ! ಹಾಗಾದ್ರೆ ಬುಟ್ಟಣಸೆಟ್ಟಿಯ ಅಪ್ಪ ಯಾರು? ತುಂಬೆಪಾಡಿಯಲ್ಲಿ ಸತ್ತವನಾ, ಇರುಗನಾ, ಅವರಿಗೂ ಮುಂಚಿನವನಾ? ಬರೀ ಹೆಸರು ಎಣಿಸೋ ಕಂಪ್ಯೂಟರ್ ಎಲ್ಲರನ್ನೂ ಒಬ್ಬನೇ ಮಾಡಿಬಿಡುತ್ತೆ. ಒಂದು ಮನೆತನದ ಕಥೆಯೇ ಅದಲುಬದಲು.

ಸ್ಪೆಲಿಂಗ್ ಇನ್ನೊಂದು ತಲೆನೋವು. ಎಱೆಯಪ್ಪನಲ್ಲಿರೋ ‘ಱ’ ನಮ್ಮ ಕೀಬೋರ್ಡಲ್ಲಿ ಹುಡುಕಿದ್ರೂ ಸುಲಭಕ್ಕೆ ಸಿಗಲ್ಲ. ‘ಎರೆಯಪ್ಪ’ ಅಂತ ಟೈಪ್ ಮಾಡಿದ್ರೆ ಸರ್ಚ್ ಖಾಲಿ ಬರಬಹುದು.

ಹಾಗಂತ ಕಂಪ್ಯೂಟರ್ ವೇಸ್ಟ್ ಅಲ್ಲ. 1978ರಲ್ಲೇ ನೊಬೊರು ಕರಾಶಿಮಾ, ವೈ. ಸುಬ್ಬರಾಯಲು, ತೋರು ಮತ್ಸುಯಿ ಚೋಳ ಶಾಸನಗಳ ಹೆಸರುಗಳನ್ನ ಕಂಪ್ಯೂಟರಿಗೆ ಹಾಕಿ 3 ಸಂಪುಟಗಳ ಸೂಚಿ ತಂದ್ರು. ಹೆಸರು, ಬಿರುದು, ಊರು ಬೇರೆ ಬೇರೆ ಇಟ್ಟು ನೋಡಿದ್ದರಿಂದ, ‘ಮೂವೇಂದವೇಳಾನ್’ ಥರದ ಬಿರುದು ಹೊತ್ತವರು ಯಾರು ಅಂತ ಕಾಣಿಸ್ತು.

ಕನ್ನಡದಲ್ಲಿ ಸರಕಿಗೆ ಬರ ಇಲ್ಲ. ಬಿ.ಎಲ್. ರೈಸ್ 1886ರಲ್ಲಿ ಶುರು ಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 12 ಸಂಪುಟಗಳಲ್ಲೇ ಸುಮಾರು 9 ಸಾವಿರ ಶಾಸನ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ ಇರೋದೂ ನಮ್ಮ ಮೈಸೂರಲ್ಲೇ. ನನ್ನ ಕೇಳಿದ್ರೆ, ಡೇಟಾಬೇಸಲ್ಲಿ ‘ಇವನೇ ಅವನು’ ಜೊತೆಗೆ ‘ಇವನಿರಬಹುದು’ ಅನ್ನೋ ಕಾಲಂ ಕೂಡ ಬೇಕು. ಬುಟ್ಟಣಸೆಟ್ಟಿಯ ಅಪ್ಪನ್ನ ಸದ್ಯಕ್ಕೆ ಅಲ್ಲೇ ಕೂರಿಸೋಣ.